ಲಿವರಿನಲ್ಲಿ ಕಂಡ 9 ಮಿಲಿಮೀಟರ್ ಚುಕ್ಕೆ: ಕರುಳಿನ ಕ್ಯಾನ್ಸರ್ ಹರಡಿದೆಯೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕಾಸರಗೋಡಿನ ಮುಳ್ಳೇರಿಯದ ಹತ್ತಿರ. ಅಪ್ಪನಿಗೆ 64 ವರ್ಷ, ಅಡಿಕೆ ತೋಟ ಉಂಟು. ಏಳೆಂಟು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತು, ಮೂಲವ್ಯಾಧಿ ಎಂದುಕೊಂಡು ಮದ್ದು ಮಾಡುತ್ತಿದ್ದೆವು. ಕಳೆದ ತಿಂಗಳು ಮಂಗಳೂರಿನಲ್ಲಿ ಕೊಲೊನೋಸ್ಕೋಪಿ ಮಾಡಿದಾಗ ದೊಡ್ಡ ಕರುಳಿನ ಸಿಗ್ಮಾಯ್ಡ್ ಭಾಗದಲ್ಲಿ ಗಡ್ಡೆ ಸಿಕ್ಕಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂತು. ಸಿ.ಟಿ. ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್, ಲಿವರಿನಲ್ಲಿ 9 ಮಿ.ಮೀ.ನ ಇಂಡಿಟರ್ಮಿನೇಟ್ ಲೀಜನ್, ಬಲ ಶ್ವಾಸಕೋಶದಲ್ಲಿ 4 ಮಿ.ಮೀ. ನೊಡ್ಯೂಲ್’ ಎಂದು ಬರೆದಿದ್ದಾರೆ. ರಕ್ತದಲ್ಲಿ ಸಿ.ಇ.ಎ. ಎಂಬ ಕ್ಯಾನ್ಸರ್ ಸೂಚಕ 8.2. ಸರ್ಜನ್ ಲಿವರಿನ ಎಂ.ಆರ್.ಐ. ಮಾಡಿಸಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಭಾವ ‘ಪೆಟ್ ಸ್ಕ್ಯಾನ್ ಮಾಡಿಸಿಬಿಡಿ, ಎಲ್ಲ ಒಂದೇ ಸಲ ಗೊತ್ತಾಗುತ್ತದೆ’ ಎನ್ನುತ್ತಾನೆ. ಸ್ಕ್ಯಾನ್ ಹೆಚ್ಚಾದರೆ ರೋಗ ಹರಡುತ್ತದೆಂದು ನೆರೆಯವರು ಹೆದರಿಸುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಉಂಟು, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ, ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.4. ಆ ಚುಕ್ಕೆಗೆ ಸೂಜಿ ಹಾಕಿ ನೋಡಿದರೆ ಆಗದೇ? ಲಿವರಿನ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ.

ಉತ್ತರ: ನೀವು ಕೇಳಿದ್ದರಲ್ಲಿ ಒಂದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ, ಅದು ನಿಮ್ಮ ನಿದ್ದೆ ಕೆಡಿಸಿರಬೇಕು. ‘ಇಂಡಿಟರ್ಮಿನೇಟ್’ ಎಂದರೆ ‘ಹರಡಿದೆ’ ಎಂದಲ್ಲ. ಈ ಚಿತ್ರವೊಂದನ್ನೇ ನೋಡಿ ಏನೆಂದು ತೀರ್ಮಾನಿಸಲಾಗದು ಎಂದು ರೇಡಿಯಾಲಜಿಸ್ಟ್ ಪ್ರಾಮಾಣಿಕವಾಗಿ ಬರೆದ ಮಾತು ಅದು. ಇಂಥ ಚಿತ್ರಗಳನ್ನು ದಿನವೂ ಓದುವ ಕೆಲಸ ನನ್ನದು. ಒಂದು ಸೆಂಟಿಮೀಟರಿಗಿಂತ ಸಣ್ಣ ಚುಕ್ಕೆಗಳಿಗೆ ನಾನೂ ಎಷ್ಟೋ ಸಲ ಅದೇ ಪದ ಬರೆದಿದ್ದೇನೆ. ಕ್ಯಾನ್ಸರ್ ಇರುವವರ ಲಿವರಿನಲ್ಲೂ ಇಷ್ಟು ಸಣ್ಣ ಚುಕ್ಕೆಗಳಲ್ಲಿ ಹೆಚ್ಚಿನವು ನೀರುಗುಳ್ಳೆಯೋ ರಕ್ತನಾಳಗಳ ನಿರಪಾಯದ ಗಂಟೋ ಆಗಿರುತ್ತವೆ. ಹಾಗೆಂದು ಬಿಟ್ಟುಬಿಡುವ ಹಾಗಿಲ್ಲ. ನಿಮ್ಮ ಸರ್ಜನ್ ಎಂ.ಆರ್.ಐ. ಕೇಳಿದ್ದು ಸರಿಯಾಗಿಯೇ ಇದೆ. ಯಾಕೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕರುಳಿನ ಕ್ಯಾನ್ಸರಿನಲ್ಲಿ ಎಲ್ಲರೂ ಮೊದಲು ಲಿವರನ್ನೇ ನೋಡುವುದು ಯಾಕೆ? ನೀರಿಗಾಗಿ ಅಡ್ಡಕ್ಕೆ ಕೊರೆದ ನಮ್ಮ ಗುಡ್ಡದ ಸುರಂಗಗಳನ್ನು ನೆನಪಿಸಿಕೊಳ್ಳಿ. ಸುರಂಗದಿಂದ ಹರಿದು ಬಂದ ನೀರು ನೇರ ತೋಟಕ್ಕೆ ಹೋಗುವುದಿಲ್ಲ, ಮೊದಲು ಕೆಳಗಿನ ಕೆರೆಗೆ ಬೀಳುತ್ತದೆ. ನೀರಿನ ಜತೆ ಬಂದ ಮಣ್ಣು ತಳ ಸೇರುವುದು ಆ ಕೆರೆಯಲ್ಲೇ. ದೊಡ್ಡ ಕರುಳಿನಿಂದ ಹೊರಟ ರಕ್ತವೂ ಹೀಗೆಯೇ. ಅದು ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರಿಗೆ ಬರುತ್ತದೆ, ಆಮೇಲೆ ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ. ಗಡ್ಡೆಯಿಂದ ಕಳಚಿಕೊಂಡ ಜೀವಕೋಶಗಳು ನೆಲೆಯೂರುವ ಮೊದಲ ಜಾಗ ಲಿವರ್, ಎರಡನೆಯದು ಶ್ವಾಸಕೋಶ. ಗುದನಾಳದ ತೀರಾ ಕೆಳಭಾಗದ ರಕ್ತಕ್ಕೆ ಮಾತ್ರ ಬೇರೆ ಕಾಲುವೆ ಉಂಟು. ಅದು ಕೆರೆಗೆ ಬೀಳದೆ ನೇರ ಮುಂದೆ ಹರಿಯುವಂಥದ್ದು. ಆದ್ದರಿಂದ ಅಲ್ಲಿನ ಕ್ಯಾನ್ಸರ್ ಲಿವರನ್ನು ಮುಟ್ಟದೆ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುವುದುಂಟು. ಹೊಟ್ಟೆಯ ಒಳಪೊರೆ ಮೂರನೆಯ ಜಾಗ. ಮೂಳೆ ಮತ್ತು ಮೆದುಳಿಗೆ ಹೋಗುವುದು ಅಪರೂಪ. ಹಾಗಾಗಿ ಸೊಂಟ ನೋವು, ತಲೆನೋವಿನಂಥ ಲಕ್ಷಣ ಇಲ್ಲದವರಿಗೆ ಬೋನ್ ಸ್ಕ್ಯಾನ್, ಮೆದುಳಿನ ಎಂ.ಆರ್.ಐ. ಮಾಡಿಸುವ ಅಗತ್ಯವಿಲ್ಲ. ಯಾರಾದರೂ ‘ಯಾವುದಕ್ಕೂ ಇರಲಿ’ ಎಂದು ಬರೆದುಕೊಟ್ಟರೆ ಯಾಕೆ ಎಂದು ಕೇಳಿ.

ಪತ್ತೆಯಾದ ಹೊತ್ತಿಗೇ ಸುಮಾರು ಐವರಲ್ಲಿ ಒಬ್ಬರಿಗೆ ಈ ರೋಗ ಬೇರೆ ಕಡೆ ಹರಡಿರುತ್ತದೆ. ಅದಕ್ಕೇ ಆಪರೇಷನ್ನಿಗೆ ಮೊದಲು ಎದೆ, ಹೊಟ್ಟೆ, ಕಿಬ್ಬೊಟ್ಟೆ ಮೂರನ್ನೂ ಸೇರಿಸಿ ಕಾಂಟ್ರಾಸ್ಟ್ ಮದ್ದು ಕೊಟ್ಟು ಸಿ.ಟಿ. ಮಾಡುತ್ತಾರೆ. ಅಪ್ಪನಿಗೆ ಮಾಡಿದ್ದೂ ಅದೇ ಇರಬೇಕು. ರಿಪೋರ್ಟಿನ ಮೇಲ್ಭಾಗದಲ್ಲಿ ‘ಕಾಂಟ್ರಾಸ್ಟ್’ ಎಂದು ಬರೆದಿದೆಯೇ ನೋಡಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ‘ಕಿಡ್ನಿಗೆ ತೊಂದರೆ ಆಗುತ್ತದೆ, ಮದ್ದು ಬೇಡ, ಹಾಗೇ ಮಾಡಿ’ ಎಂದು ಮನೆಯವರೇ ಹಟ ಹಿಡಿಯುವುದನ್ನು ನೋಡಿದ್ದೇನೆ. ಮದ್ದಿಲ್ಲದ ಸಿ.ಟಿ.ಯಲ್ಲಿ ಲಿವರಿನ ಸಣ್ಣ ಗಡ್ಡೆಗಳು ಕಣ್ಣಿಗೆ ಬೀಳದೆ ಉಳಿಯಬಹುದು. ಲಿವರಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಪೋರ್ಟಲ್ ರಕ್ತನಾಳದ್ದು, ಉಳಿದ ಕಾಲು ಪಾಲು ಅಪಧಮನಿಯದ್ದು. ಕರುಳಿನಿಂದ ಬಂದ ಕ್ಯಾನ್ಸರ್ ಗಡ್ಡೆಗೆ ಆಹಾರ ಸಿಗುವುದು ಮುಖ್ಯವಾಗಿ ಅಪಧಮನಿಯಿಂದ. ಕೈಯ ನರಕ್ಕೆ ಮದ್ದು ಚುಚ್ಚಿ ಸುಮಾರು 70 ಸೆಕೆಂಡಿಗೆ ಚಿತ್ರ ತೆಗೆದರೆ ಆ ಗಳಿಗೆಯಲ್ಲಿ ಪೋರ್ಟಲ್ ರಕ್ತ ತುಂಬಿಕೊಂಡ ಲಿವರ್ ಬೆಳ್ಳಗೆ ಹೊಳೆಯುತ್ತದೆ, ಗಡ್ಡೆ ಮಾತ್ರ ಮಸುಕಾಗಿ ಉಳಿಯುತ್ತದೆ. ಈ ಬಿಳಿ-ಕಪ್ಪಿನ ಅಂತರದಿಂದಲೇ ನಮಗೆ ಅದು ಕಾಣುವುದು.

ಕ್ರಿಯಾಟಿನಿನ್ 1.4 ಎಂದಿರಿ. ಅಪ್ಪನ ವಯಸ್ಸಿಗೆ ಲೆಕ್ಕ ಹಾಕಿದರೆ ಕಿಡ್ನಿಯ ಸೋಸುವ ಶಕ್ತಿ, ಅಂದರೆ ಇ.ಜಿ.ಎಫ್.ಆರ್., 55ರ ಆಸುಪಾಸಿನಲ್ಲಿ ಬರುತ್ತದೆ. ಸಿ.ಟಿ. ಕಾಂಟ್ರಾಸ್ಟಿನ ವಿಷಯದಲ್ಲಿ ನಾವು ಗಂಭೀರವಾಗಿ ಯೋಚಿಸುವುದು ಈ ಸಂಖ್ಯೆ 30ಕ್ಕಿಂತ ಕೆಳಗಿಳಿದಾಗ. ಮುಂದೆ ಪ್ರತಿ ಸ್ಕ್ಯಾನಿಗೂ ಮೊದಲು ಹೊಸದಾಗಿ ಕ್ರಿಯಾಟಿನಿನ್ ಮಾಡಿಸಿ, ಮೆಟ್‌ಫಾರ್ಮಿನ್ ವಿಷಯ ಅಲ್ಲಿನವರಿಗೆ ಬಾಯಿಬಿಟ್ಟು ಹೇಳಿ. ಹಿಂದೆ ಯಾವಾಗಲಾದರೂ ಕಾಂಟ್ರಾಸ್ಟ್ ಮದ್ದಿನಿಂದ ಮೈಯಲ್ಲಿ ದದ್ದು, ಉಸಿರಾಟಕ್ಕೆ ಕಷ್ಟ ಆಗಿದ್ದರೆ ಅದನ್ನಂತೂ ಮರೆಯದೆ ಹೇಳಬೇಕು.

ಹಾಗಾದರೆ ಒಳ್ಳೆಯ ಸಿ.ಟಿ. ಮಾಡಿದ ಮೇಲೂ ಈ 9 ಮಿ.ಮೀ. ಚುಕ್ಕೆ ಏನೆಂದು ಯಾಕೆ ಗೊತ್ತಾಗಲಿಲ್ಲ? ಎರಡು ಕಾರಣ. ಸಿ.ಟಿ.ಯಲ್ಲಿ ಒಂದು ಚುಕ್ಕೆಯೊಳಗೆ ನೀರಿದೆಯೋ ಗಟ್ಟಿ ಮಾಂಸವಿದೆಯೋ ಎಂದು ಅಳೆಯಬೇಕಾದರೆ ಅದು ಅಳತೆಗೆ ಸಿಗುವಷ್ಟು ದೊಡ್ಡದಿರಬೇಕು. ತೀರಾ ಸಣ್ಣದಾದರೆ ಅಕ್ಕಪಕ್ಕದ ಲಿವರಿನ ಛಾಯೆಯೂ ಅದರಲ್ಲಿ ಬೆರೆತು ಅಳತೆ ತಪ್ಪುತ್ತದೆ. ಎರಡನೆಯದು ಅಪ್ಪನ ಫ್ಯಾಟಿ ಲಿವರ್. ಸಕ್ಕರೆ ಕಾಯಿಲೆಯವರಲ್ಲಿ ಇದು ಬಹಳ ಸಾಮಾನ್ಯ. ಕೊಬ್ಬು ಕೂತ ಲಿವರ್ ಸಿ.ಟಿ.ಯಲ್ಲಿ ತಾನೇ ಮಸುಕಾಗಿ ಕಾಣುತ್ತದೆ. ಮಸುಕಿನ ಮೇಲೆ ಇನ್ನೊಂದು ಮಸುಕು ಚುಕ್ಕೆ, ಮುಸ್ಸಂಜೆಯ ತೋಟದಲ್ಲಿ ಉದುರಿದ ಗೋಟು ಅಡಿಕೆ ಹುಡುಕಿದ ಹಾಗೆ.

ಎಂ.ಆರ್.ಐ.ಗೆ ಈ ಎರಡು ತೊಡಕೂ ಅಷ್ಟಾಗಿ ಇಲ್ಲ. ಅದು ಒಂದೇ ಚುಕ್ಕೆಯನ್ನು ನಾಲ್ಕಾರು ಬೇರೆ ಬೇರೆ ರೀತಿಯಲ್ಲಿ ನೋಡುತ್ತದೆ. ನೀರುಗುಳ್ಳೆಯಾದರೆ ಒಂದು ಬಗೆಯ ಚಿತ್ರದಲ್ಲಿ ದೀಪದಂತೆ ಬೆಳಗುತ್ತದೆ, ಮದ್ದು ಕೊಟ್ಟಾಗ ಏನೂ ಹೀರುವುದಿಲ್ಲ. ಹಿಮಾಂಜಿಯೋಮ ಎಂಬ ರಕ್ತನಾಳದ ಗಂಟಾದರೆ ಮದ್ದು ಅಂಚಿನಿಂದ ಗುಳ್ಳೆಗುಳ್ಳೆಯಾಗಿ ಶುರುವಾಗಿ ನಿಧಾನಕ್ಕೆ ಒಳಗೆ ತುಂಬಿಕೊಳ್ಳುತ್ತದೆ. ಕ್ಯಾನ್ಸರ್ ಗಡ್ಡೆಯಲ್ಲಿ ಜೀವಕೋಶಗಳು ಒತ್ತೊತ್ತಾಗಿರುವುದರಿಂದ ನೀರಿನ ಅಣುಗಳಿಗೆ ಅಲ್ಲಿ ಓಡಾಡಲು ಜಾಗ ಕಡಿಮೆ. ಡಿಫ್ಯೂಷನ್ ಎಂಬ ಚಿತ್ರ ಅದನ್ನು ಹಿಡಿಯುತ್ತದೆ. ಇನ್ನು ಲಿವರಿನ ಜೀವಕೋಶಗಳು ಮಾತ್ರ ಒಳಗೆಳೆದುಕೊಳ್ಳುವ ಒಂದು ವಿಶೇಷ ಮದ್ದು ಉಂಟು, ಗ್ಯಾಡಾಕ್ಸೆಟೇಟ್ ಎಂದು. ಅದನ್ನು ಕೊಟ್ಟು ಸುಮಾರು 20 ನಿಮಿಷ ಬಿಟ್ಟು ನೋಡಿದರೆ ಆರೋಗ್ಯದ ಲಿವರ್ ಬೆಳ್ಳಗಿರುತ್ತದೆ, ಲಿವರಿನದಲ್ಲದ ಜೀವಕೋಶಗಳು ಸೇರಿಕೊಂಡ ಜಾಗ ಕಪ್ಪಾಗಿ ಎದ್ದು ಕಾಣುತ್ತದೆ. ಒಂದು ಸೆಂಟಿಮೀಟರಿಗಿಂತ ಸಣ್ಣ ಗಡ್ಡೆಗಳನ್ನು ಗುರುತಿಸುವುದರಲ್ಲಿ ಸದ್ಯ ನಮ್ಮ ಕೈಲಿರುವ ಅತ್ಯುತ್ತಮ ಸ್ಕ್ಯಾನ್ ಇದೇ. ಈ ಮದ್ದಿಗೆ ಖರ್ಚು ಹೆಚ್ಚು, ಎಲ್ಲ ಸೆಂಟರಿನಲ್ಲೂ ಇಟ್ಟಿರುವುದಿಲ್ಲ. ನಿಮ್ಮ ಸರ್ಜನ್ ಯಾವ ಮದ್ದಿನ ಎಂ.ಆರ್.ಐ. ಎಂದು ಚೀಟಿಯಲ್ಲಿ ಬರೆದಿದ್ದಾರೋ ಕೇಳಿಯೇ ಹೊರಡಿ. ಮಂಗಳೂರಿಗೆ ಹೋಗಿ ‘ಆ ಮದ್ದು ಸ್ಟಾಕಿಲ್ಲ’ ಎಂಬ ಉತ್ತರ ಕೇಳಿ ಮುಳ್ಳೇರಿಯಕ್ಕೆ ಹಿಂದಿರುಗುವಂತೆ ಆಗಬಾರದು.

ಭಾವ ಹೇಳಿದ ಪೆಟ್ ಸ್ಕ್ಯಾನ್ ವಿಷಯ. ‘ಎಲ್ಲ ಒಂದೇ ಸಲ ಗೊತ್ತಾಗುತ್ತದೆ’ ಎನ್ನುವ ನಂಬಿಕೆ ಬಹಳ ಜನರಲ್ಲಿದೆ. ಸಾಲ ಮಾಡಿ ಪೆಟ್ ಮಾಡಿಸಿಕೊಂಡು ಬಂದವರ ಮುಂದೆ ‘ಇದರಲ್ಲಿ ಉತ್ತರ ಸಿಗಲಿಲ್ಲ’ ಎಂದು ಹೇಳಬೇಕಾಗಿ ಬಂದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಪೆಟ್‌ನಲ್ಲಿ ಚುಚ್ಚುವುದು ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆ. ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವ ಜಾಗ ಹೊಳೆಯುತ್ತದೆ. ಕ್ಯಾನ್ಸರ್ ಎಳೆದುಕೊಳ್ಳುತ್ತದೆ, ಸರಿ. ಆದರೆ ಲಿವರ್ ಕೂಡ ಸ್ವಲ್ಪ ಎಳೆದುಕೊಳ್ಳುತ್ತದೆ. ಆ ಹಿನ್ನೆಲೆಯಲ್ಲಿ 9 ಮಿ.ಮೀ.ನ ಗಡ್ಡೆ ಮುಚ್ಚಿಹೋಗಬಹುದು. ಲೋಳೆ ತುಂಬಿದ, ಮ್ಯೂಸಿನಸ್ ಎನ್ನುವ ಬಗೆಯ ಕರುಳಿನ ಕ್ಯಾನ್ಸರ್ ಸಕ್ಕರೆಯನ್ನು ಕಡಿಮೆ ಎಳೆಯುವುದರಿಂದ ಅದೂ ತಪ್ಪಿಸಿಕೊಳ್ಳಬಹುದು. ಇತ್ತ ಕ್ಯಾನ್ಸರ್ ಅಲ್ಲದ ಕ್ಷಯದ ಗಂಟು, ಕೀವು, ಉರಿಯೂತ ಇವೆಲ್ಲ ಹೊಳೆದು ಹೆದರಿಸುತ್ತವೆ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರ ಕರುಳು ಇಡೀ ಹೊಳೆಯುವುದುಂಟು, ಅದಕ್ಕೆ ಎರಡು ದಿನ ಮೊದಲೇ ನಿಲ್ಲಿಸಲು ಹೇಳುವ ಸೆಂಟರುಗಳಿವೆ. ಸ್ಕ್ಯಾನಿನ ದಿನ ರಕ್ತದ ಸಕ್ಕರೆ 200ರ ಮೇಲಿದ್ದರೆ ಇನ್ನೊಂದು ದಿನ ಬನ್ನಿ ಎನ್ನುತ್ತಾರೆ. ಅಪ್ಪನ ಈಗಿನ ಪ್ರಶ್ನೆ ‘ಈ ಒಂದು ಚುಕ್ಕೆ ಏನು?’ ಎಂಬುದು. ಅದಕ್ಕೆ ಪೆಟ್ ತಕ್ಕ ಸಾಧನವಲ್ಲ.

ಪೆಟ್‌ನ ಬೆಲೆ ಬೇರೆ ಕಡೆ ಉಂಟು. ಆಪರೇಷನ್ ಆಗಿ ವರ್ಷದ ಮೇಲೆ ಸಿ.ಇ.ಎ. ಮೆಲ್ಲಗೆ ಏರುತ್ತಿದೆ, ಸಿ.ಟಿ.ಯಲ್ಲಿ ಏನೂ ಸಿಗುತ್ತಿಲ್ಲ ಎನ್ನುವಾಗ ಅದು ಬಹಳ ಸಲ ದಾರಿ ತೋರಿಸಿದೆ. ಲಿವರಿನ ದೊಡ್ಡ ಆಪರೇಷನ್ನಿಗೆ ಕೈಹಾಕುವ ಮೊದಲು ಬೇರೆಲ್ಲೂ ರೋಗ ಅಡಗಿಲ್ಲವೆಂದು ನೋಡಿಕೊಳ್ಳಲೂ ಕೆಲವರು ಕೇಳುತ್ತಾರೆ. ಈ ಎರಡನೆಯ ಉಪಯೋಗವನ್ನು ಕೆನಡಾದಲ್ಲಿ 404 ರೋಗಿಗಳ ಮೇಲೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆಟ್‌ನಿಂದ ಆಪರೇಷನ್ನಿನ ಯೋಜನೆ ಬದಲಾದದ್ದು ನೂರರಲ್ಲಿ ಒಂಬತ್ತು ಮಂದಿಗಿಂತಲೂ ಕಡಿಮೆ, ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಪೆಟ್ ಬೇಕೆಂದು ಯಾರಾದರೂ ಹೇಳಿದರೆ ‘ಇದರಲ್ಲಿ ಹೀಗೆ ಬಂದರೆ ಚಿಕಿತ್ಸೆ ಏನು ಬದಲಾಗುತ್ತದೆ, ಹಾಗೆ ಬಂದರೆ ಏನು?’ ಎಂದು ಕೇಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ದುಡ್ಡು ಕಿಸೆಯಲ್ಲಿರಲಿ, ಮುಂದೆ ಬೇಕಾಗುತ್ತದೆ. ಯಾವ ಸ್ಕ್ಯಾನಿನ ವಿಷಯದಲ್ಲೂ ನಾನು ನನ್ನ ಮನೆಯವರಿಗೆ ಹೇಳುವುದು ಇದನ್ನೇ.

ಸೂಜಿ ಹಾಕಿ ನೋಡಬಾರದೇ ಎಂದಿರಿ. ಸಹಜವಾದ ಪ್ರಶ್ನೆ. ಆದರೆ ಮುಂದೆ ಕತ್ತರಿಸಿ ತೆಗೆಯಬಹುದಾದ ಲಿವರ್ ಗಡ್ಡೆಗೆ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕಣಗಳು ಉದುರಿ ನೆಲೆಯೂರುವ ಅಪಾಯ ಸಣ್ಣದಾದರೂ ಇದೆ. ಎಂ.ಆರ್.ಐ.ಯಿಂದ ಉತ್ತರ ಸಿಗುವ ಸಾಧ್ಯತೆ ಚೆನ್ನಾಗಿರುವಾಗ ಆ ಅಪಾಯ ಯಾಕೆ?

ಇನ್ನು ಶ್ವಾಸಕೋಶದ 4 ಮಿ.ಮೀ. ನೊಡ್ಯೂಲ್, ಅಂದರೆ ಪುಟ್ಟ ಗಂಟು. ನಮ್ಮ ಕಡೆ ಅರವತ್ತು ದಾಟಿದವರ ಎದೆಯ ಸಿ.ಟಿ.ಯಲ್ಲಿ ಇಂಥದ್ದು ಆಗಾಗ ಸಿಗುತ್ತದೆ. ಎಂದೋ ಬಂದುಹೋದ ಕ್ಷಯದ ಕಲೆ, ಶ್ವಾಸಕೋಶದೊಳಗಿನ ಪುಟ್ಟ ದುಗ್ಧಗ್ರಂಥಿ (ಲಿಂಫ್ ನೋಡ್) ಹೀಗೆ. ಅದರಲ್ಲಿ ಸುಣ್ಣ ಕಟ್ಟಿದ್ದರೆ ಹಳೆಯ ಗಾಯವೆಂದೇ ತಿಳಿಯುವುದು. ಸುಣ್ಣವಿಲ್ಲದಿದ್ದರೂ ಇಷ್ಟು ಸಣ್ಣದಕ್ಕೆ ಸೂಜಿ ಹಾಕಲಾಗದು, ಪೆಟ್‌ನಲ್ಲೂ ಕಾಣದು. ಅದಕ್ಕಾಗಿ ಕರುಳಿನ ಆಪರೇಷನ್ ಮುಂದೂಡಬೇಕಾಗಿಲ್ಲ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಎದೆಯ ಸಿ.ಟಿ. ಮಾಡಿ ಹೋಲಿಸುವುದೇ ಸರಿಯಾದ ದಾರಿ. ಬೆಳೆದಿದ್ದರೆ ಅದು ತಾನೇ ಹೇಳುತ್ತದೆ.

ಹೋಲಿಸುವುದು ಎಂದೆನಲ್ಲ, ಒಂದು ಪ್ರಸಂಗ ಹೇಳಬೇಕು. ಪೆರ್ಲದ ಕಡೆಯ ಹಿರಿಯರೊಬ್ಬರು ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ನನ್ನಲ್ಲಿಗೆ ಬಂದರು. ಶ್ವಾಸಕೋಶದಲ್ಲಿ 6 ಮಿ.ಮೀ. ಗಂಟು, ‘ಹರಡಿದೆ, ಕೀಮೊ ಶುರು ಮಾಡಬೇಕು’ ಎಂಬ ಮಾತು ಮನೆಯಲ್ಲಿ ನಡೆದಿತ್ತು. ಹಿಂದೆ ಎದೆಯ ಸ್ಕ್ಯಾನ್ ಆಗಿತ್ತೇ ಎಂದು ಕೇಳಿದೆ. ನಾಲ್ಕು ವರ್ಷದ ಹಿಂದೆ ಕೆಮ್ಮಿಗೆಂದು ಒಮ್ಮೆ ಆಗಿತ್ತಂತೆ. ಆ ಸ್ಕ್ಯಾನಿಂಗ್ ಸೆಂಟರಿಗೆ ಫೋನ್ ಮಾಡಿದರೆ ‘ಹಳೆಯದು ಯಾವುದೂ ಇಲ್ಲ, ಅಳಿಸಿಹೋಗಿದೆ’ ಎಂದರು. ಮಗ ಮನೆಗೆ ಹೋಗಿ ಕಪಾಟೆಲ್ಲ ತಡಕಿ, ಭೂಮಿಯ ಕಾಗದಪತ್ರಗಳ ಕಟ್ಟಿನ ನಡುವಿನಿಂದ ಸಿ.ಡಿ. ತಂದ. ಅದೇ ಗಂಟು, ಅದೇ ಜಾಗ, ಅದೇ ಅಳತೆ. ನಾಲ್ಕು ವರ್ಷದಲ್ಲಿ ಒಂದು ಕೂದಲೆಳೆಯಷ್ಟೂ ಬೆಳೆಯದ್ದು ಕ್ಯಾನ್ಸರ್ ಅಲ್ಲ. ಅವರಿಗೆ ಆ ಕೀಮೊ ಬೇಕಾಗಲಿಲ್ಲ.

ಕಾಸರಗೋಡಿನ ನಮಗೆ ಇದು ಉಳಿದವರಿಗಿಂತ ಹೆಚ್ಚು ಮುಖ್ಯ. ನಮ್ಮ ಚಿಕಿತ್ಸೆ ಎರಡು ರಾಜ್ಯಗಳಲ್ಲಿ ಹಂಚಿಹೋಗುತ್ತದೆ. ಸ್ಕ್ಯಾನ್ ಮಂಗಳೂರಿನಲ್ಲಿ, ಆಮೇಲೆ ಖರ್ಚು ನೋಡಿ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಅಥವಾ ತಿರುವನಂತಪುರ, ನಡುವೆ ಬೆಂಗಳೂರಿನ ಎರಡನೆಯ ಅಭಿಪ್ರಾಯ. ಒಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿರುವ ಚಿತ್ರ ಇನ್ನೊಂದಕ್ಕೆ ಕಾಣುವುದಿಲ್ಲ. 2020ರಲ್ಲಿ ಕೋವಿಡ್ ಕಾಲಕ್ಕೆ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ದಾರಿಯೇ ಇಲ್ಲದಾಗ ನಮ್ಮ ರೋಗಿಗಳು ಪಟ್ಟ ಪಾಡು ಈ ಊರಿನ ಯಾರಿಗೂ ಮರೆತಿರಲಿಕ್ಕಿಲ್ಲ. ದಾಖಲೆ ನಿಮ್ಮ ಕೈಯಲ್ಲೇ ಇರಬೇಕು. ಫಿಲ್ಮು ಸಾಲದು, ಅದರಲ್ಲಿ ನೂರಾರು ಚಿತ್ರಗಳಿಂದ ಆರಿಸಿದ ಕೆಲವು ಮಾತ್ರ ಇರುತ್ತವೆ. ಕಾಗದದ ಪ್ರಿಂಟಂತೂ ಏನಕ್ಕೂ ಬಾರದು. ಪೂರ್ತಿ ಚಿತ್ರಗಳಿರುವ ಸಿ.ಡಿ. ಕೇಳಿ ಪಡೆಯಿರಿ, ಮನೆಗೆ ಬಂದ ದಿನವೇ ಪೆನ್‌ಡ್ರೈವಿಗೂ ಒಂದು ಪ್ರತಿ ಮಾಡಿಡಿ. ಕೇರಳದ ಆರೋಗ್ಯ ವಿಮೆಯ ಕಾರ್ಡ್ ಇದ್ದರೆ ಯಾವ ಆಸ್ಪತ್ರೆಯಲ್ಲಿ, ಯಾವ ಪರೀಕ್ಷೆಗೆ ನಡೆಯುತ್ತದೆ ಎಂಬುದನ್ನು ಸ್ಕ್ಯಾನಿಗೆ ಮೊದಲು ಅಲ್ಲಿನ ವಿಮೆಯ ಕೌಂಟರಿನಲ್ಲೇ ವಿಚಾರಿಸಿ, ಬಿಲ್ ಆದ ಮೇಲೆ ಕೇಳಿ ಫಲವಿಲ್ಲ.

ನೆರೆಯವರ ಹೆದರಿಕೆಗೆ ಎರಡು ಮಾತು ಸಾಕು. ಸ್ಕ್ಯಾನಿನಿಂದ ಕ್ಯಾನ್ಸರ್ ಹರಡುವುದಿಲ್ಲ. ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡಿನಲ್ಲಿ ಎಕ್ಸ್-ರೇ ಇಲ್ಲವೇ ಇಲ್ಲ. ಎದೆ-ಹೊಟ್ಟೆ-ಕಿಬ್ಬೊಟ್ಟೆಯ ಒಂದು ಸಿ.ಟಿ.ಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಸೀವರ್ಟ್‌ ವಿಕಿರಣ ತಗಲುತ್ತದೆ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸಿಗುವ ಜಾಗತಿಕ ಸರಾಸರಿ ಸುಮಾರು 2.4. ಕಾರಣವಿಲ್ಲದೆ ಮಾಡಿಸಬಾರದು ಎನ್ನುವಷ್ಟು ಅದು ಹೆಚ್ಚೇ. ಆದರೆ 64ರ ವಯಸ್ಸಿನಲ್ಲಿ, ಕಣ್ಣಮುಂದೆ ಕ್ಯಾನ್ಸರ್ ಇರುವಾಗ, ಅದನ್ನು ಕಾಣದೆ ಬಿಡುವುದೇ ದೊಡ್ಡ ಅಪಾಯ.

ಸಿ.ಇ.ಎ. 8.2 ನೋಡಿ ಗಾಬರಿಯಾಗಬೇಡಿ. ಕರುಳಿನಲ್ಲಿರುವ ಗಡ್ಡೆಯೊಂದರಿಂದಲೇ ಅಷ್ಟು ಏರಬಹುದು. ಬೀಡಿ-ಸಿಗರೇಟು ಸೇದುವವರಲ್ಲೂ ಸ್ವಲ್ಪ ಹೆಚ್ಚಿರುತ್ತದೆ. ಆಪರೇಷನ್ ಆಗಿ ಒಂದೂವರೆ ತಿಂಗಳ ಹೊತ್ತಿಗೆ ಅದು 5ರ ಕೆಳಗೆ ಇಳಿಯುತ್ತದೆಯೇ ಎಂಬುದು ನೋಡಬೇಕಾದ ಸಂಗತಿ. ಇಳಿಯದಿದ್ದರೆ ಆಗ ಹುಡುಕಬೇಕು.

ಎಂ.ಆರ್.ಐ.ಯಲ್ಲಿ ಅದು ಕ್ಯಾನ್ಸರೇ ಎಂದು ಬಂದರೆ? ಇದನ್ನು ನೀವು ಬರೆದಿಲ್ಲ, ಆದರೆ ನಿಮ್ಮ ಮನಸ್ಸಿನಲ್ಲಿ ಇರುವುದು ಇದೇ. ಲಿವರಿಗೆ ಬಂದರೆ ಮುಗಿಯಿತು ಎನ್ನುವುದು ಬೇರೆ ಹಲವು ಕ್ಯಾನ್ಸರುಗಳ ಮಟ್ಟಿಗೆ ಹತ್ತಿರದ ಮಾತು. ಕರುಳಿನ ಕ್ಯಾನ್ಸರಿನಲ್ಲಿ ಹಾಗಲ್ಲ. ಒಂದೋ ಎರಡೋ ಗಡ್ಡೆಯಿದ್ದು ಕತ್ತರಿಸಿ ತೆಗೆಯಲು ಸಾಧ್ಯವಾದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಐದು ವರ್ಷ ದಾಟುತ್ತಾರೆ, ಅವರಲ್ಲಿ ಕೆಲವರಿಗೆ ರೋಗ ಮತ್ತೆ ಬರುವುದೇ ಇಲ್ಲ. ಲಿವರ್ ಮತ್ತೆ ಬೆಳೆಯುವ ಅಂಗ. ಸಣ್ಣ ಗಡ್ಡೆಯನ್ನು ಸೂಜಿಯ ತುದಿಯ ಶಾಖದಿಂದ ಸುಡುವ ಚಿಕಿತ್ಸೆಯೂ ಉಂಟು. ಇಲ್ಲಿ ಒಂದು ಎಚ್ಚರಿಕೆ: ಕೀಮೊ ಮೊದಲು ಎಂದು ತೀರ್ಮಾನವಾದರೆ, ಶುರುವಾಗುವ ಮುಂಚೆಯೇ ಲಿವರಿನ ಎಂ.ಆರ್.ಐ. ಆಗಿರಬೇಕು. ಕೀಮೊದಿಂದ ಸಣ್ಣ ಗಡ್ಡೆ ಸಿ.ಟಿ.ಯಲ್ಲಿ ಮಾಯವಾಗಬಹುದು, ಆದರೆ ಆ ಜಾಗದಲ್ಲಿ ಜೀವಂತ ಕ್ಯಾನ್ಸರ್ ಕಣಗಳು ಉಳಿದಿರುವುದು ಸಾಮಾನ್ಯ. ಮೊದಲಿನ ನಕ್ಷೆ ಇಲ್ಲದಿದ್ದರೆ ಎಲ್ಲಿ ಕತ್ತರಿಸಬೇಕೆಂದು ಸರ್ಜನ್ನಿಗೇ ತಿಳಿಯದು.

ಸ್ಕ್ಯಾನಿನ ಮಿತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹೊಟ್ಟೆಯ ಒಳಪೊರೆಯ ಮೇಲೆ ರವೆಯಂತೆ ಉದುರಿದ ಕಣಗಳು ಯಾವ ಸ್ಕ್ಯಾನಿನಲ್ಲೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಆಪರೇಷನ್ ಹೊತ್ತಿನಲ್ಲಿ ಸರ್ಜನ್ನಿನ ಕಣ್ಣೇ ಬೇಕು. ದುಗ್ಧಗ್ರಂಥಿಗಳದ್ದೂ ಅದೇ ಕತೆ. ಸಿ.ಟಿ.ಯಲ್ಲಿ ದೊಡ್ಡದಾಗಿ ಕಂಡದ್ದರಲ್ಲಿ ರೋಗ ಇಲ್ಲದಿರಬಹುದು, ಸಣ್ಣದರಲ್ಲಿ ಇರಬಹುದು. ತೆಗೆದ ಕರುಳಿನ ಜತೆ ಕಡಿಮೆಯೆಂದರೆ 12 ಗ್ರಂಥಿಗಳನ್ನು ಪೆಥಾಲಜಿಯವರು ಪರೀಕ್ಷಿಸಬೇಕು, ಕೊನೆಯ ರಿಪೋರ್ಟಿನಲ್ಲಿ ಆ ಸಂಖ್ಯೆ ಇದೆಯೇ ನೋಡಿ. ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಗಡ್ಡೆ ಗುದನಾಳದಲ್ಲಿದ್ದರೆ ಅವರಿಗೆ ಕಿಬ್ಬೊಟ್ಟೆಯ ಎಂ.ಆರ್.ಐ. ಕಡ್ಡಾಯ. ಗುದನಾಳವನ್ನು ಸುತ್ತಿದ ಪೊರೆಗೂ ಗಡ್ಡೆಗೂ ನಡುವೆ 1 ಮಿ.ಮೀ.ಗಿಂತ ಹೆಚ್ಚು ಜಾಗ ಇದೆಯೋ ಇಲ್ಲವೋ ಎಂಬುದರ ಮೇಲೆ ರೇಡಿಯೇಷನ್ ಮೊದಲೋ ಆಪರೇಷನ್ ಮೊದಲೋ ಎನ್ನುವುದು ಬಹುಮಟ್ಟಿಗೆ ನಿಂತಿದೆ.

ಕೊನೆಗೆ ಅಪ್ಪನಿಗೆ ಹೇಳುವ ವಿಷಯ. ಹೇಳಿ. ತೋಟ ನಡೆಸಿದ ಮನುಷ್ಯ, ಇನ್ನೊಂದು ಸ್ಕ್ಯಾನ್ ಯಾಕೆಂದು ಅವರಿಗೆ ಆಗಲೇ ಸಂಶಯ ಬಂದಿರುತ್ತದೆ. ‘ಲಿವರಿನಲ್ಲಿ ಒಂದು ಸಣ್ಣ ಚುಕ್ಕೆ ಕಂಡಿದೆ, ಅದು ಏನೆಂದು ಗೊತ್ತಿಲ್ಲ, ನೋಡಲಿಕ್ಕೆ ಎಂ.ಆರ್.ಐ.’ ಎಂದರೆ ಸಾಕು, ಅದರಲ್ಲಿ ಸುಳ್ಳೂ ಇಲ್ಲ. ಇನ್ನೊಂದು ಕಾರಣವೂ ಉಂಟು. ಲಿವರಿನ ಎಂ.ಆರ್.ಐ. ಚೆನ್ನಾಗಿ ಬರಬೇಕಾದರೆ ಅವರ ಸಹಕಾರ ಬೇಕು. ಅರ್ಧ ಗಂಟೆಗೂ ಮಿಕ್ಕಿ ಆ ಕೊಳವೆಯೊಳಗೆ ಅಲುಗದೆ ಮಲಗಬೇಕು, ಮೆಷಿನ್ನಿನ ಸದ್ದು ಜೋರು, ಹೇಳಿದಾಗಲೆಲ್ಲ 15-20 ಸೆಕೆಂಡು ಉಸಿರು ಹಿಡಿಯಬೇಕು. ಉಸಿರು ತಪ್ಪಿದರೆ ಲಿವರ್ ಜರುಗಿ ಚಿತ್ರ ಕದಡುತ್ತದೆ, 9 ಮಿ.ಮೀ. ಚುಕ್ಕೆ ಅದರಲ್ಲೇ ಕಳೆದುಹೋಗುತ್ತದೆ. ಯಾಕೆಂದು ಗೊತ್ತಿದ್ದವರು ಮನಸ್ಸಿಟ್ಟು ಹಿಡಿಯುತ್ತಾರೆ. ಉಡಿದಾರದಲ್ಲಿ ಲೋಹವಿದ್ದರೆ, ತಾಯಿತ ಇದ್ದರೆ ಮನೆಯಲ್ಲೇ ತೆಗೆದಿಡಲಿ. ಹೃದಯಕ್ಕೆ ಪೇಸ್‌ಮೇಕರ್, ಮೈಯಲ್ಲಿ ರಾಡು-ಸ್ಕ್ರೂ ಏನಿದ್ದರೂ ಮೊದಲೇ ತಿಳಿಸಿ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳುತ್ತಾರೆ, ಆದ್ದರಿಂದ ಬೆಳಗ್ಗಿನ ಹೊತ್ತು ಕೇಳಿ, ಆ ದಿನದ ಸಕ್ಕರೆ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕೆಂದೂ ವಿಚಾರಿಸಿ. ಇವತ್ತಿನಿಂದಲೇ ಸಂಜೆ ಜಗಲಿಯಲ್ಲಿ ಕೂತು, ಉಸಿರು ಬಿಟ್ಟು 20 ಸೆಕೆಂಡು ಹಿಡಿಯುವುದನ್ನು ಅಪ್ಪನಿಂದ ನಾಲ್ಕೈದು ಸಲ ಅಭ್ಯಾಸ ಮಾಡಿಸಿ. ನೀವು ಪಕ್ಕದಲ್ಲಿ ಕೂತು ಎಣಿಸಿ.